ಅರ್ಧ ಕೆಜಿ ಸುಳ್ಳು ಚಿನ್ನ

ನಟ ಚೀಲದೊಳಗೆ ಕೈ ಹಾಕಿದ. ನಿಧಿಯ ತೋಳಬಂದಿಯನ್ನು ಹೊರಗೆ ತೆಗೆದ. ಕಣ್ಣರಳಿಸಿದ. ಕ್ಯಾಮೆರಾ ಹಿಂದಿದ್ದ ನಾವು ನಾಲ್ಕೂ ಜನ ಒಟ್ಟಿಗೆ ನಕ್ಕುಬಿಟ್ಟೆವು.

ಬಣ್ಣ ಚೆನ್ನಾಗಿತ್ತು. ಆಕಾರವೂ ಚೆನ್ನಾಗಿತ್ತು. ಆದರೆ ಅವನು ಅದನ್ನು ಹಪ್ಪಳ ಎತ್ತಿದ ಹಾಗೆ ಎತ್ತಿದ್ದ. ಎರಡೂವರೆ ಸಾವಿರ ವರ್ಷ ಹಳೆಯ ಚಿನ್ನ ಎಂದು ನಂಬಿಸಬೇಕಾದ ವಸ್ತು ಅವನ ಎರಡು ಬೆರಳ ನಡುವೆ ಓಲಾಡುತ್ತಿತ್ತು. ಪಾಪ, ಅವನದೇನೂ ತಪ್ಪಿರಲಿಲ್ಲ. ನಾನು ಮಾಡಿಕೊಟ್ಟ ತೋಳಬಂದಿಯ ತೂಕವೇ 65 ಗ್ರಾಂ.

ಆ ನಗುವಿನ ಹಿಂದೆ ಮುಂದೆ ಸೇರಿ ಏಳು ವಾರ ನನ್ನ ಶನಿವಾರ, ಭಾನುವಾರಗಳೆಲ್ಲ ಎಲ್ಲಿಗೆ ಹೋದವು ಅನ್ನುವುದರ ದಾಖಲೆ ಇದು.

ನಾನು ಕೆಲಸದ ಮೇಲೆ ತಾಷ್ಕೆಂಟಿನಲ್ಲಿದ್ದೇನೆ. ಸಿನಿಮಾ ನನ್ನ ಕಸುಬಲ್ಲ. ಇಲ್ಲಿ ಪರಿಚಯವಾದ ಕೆಲವು ಗೆಳೆಯರು ಸೇರಿ 12 ನಿಮಿಷದ ಒಂದು ನಿಧಿ ಬೇಟೆಯ ಕಿರುಚಿತ್ರ ಮಾಡುತ್ತಿದ್ದಾರೆ. ಕೈಕೆಲಸದ ಚಟ ಇರುವವನು ನಾನೊಬ್ಬನೇ ಆಗಿದ್ದರಿಂದ ಪ್ರಾಪ್, ಅಂದರೆ ದೃಶ್ಯದಲ್ಲಿ ಬಳಸುವ ವಸ್ತು, ಮಾಡುವ ಕೆಲಸ ನನ್ನ ತಲೆಗೆ ಬಂತು. ನನ್ನ ಅಜ್ಜ ಅಕ್ಕಸಾಲಿಗರು ಅಂತ ಒಮ್ಮೆ ಬಾಯಿ ತಪ್ಪಿ ಹೇಳಿದ್ದೆ. ಮಾಡಿದ್ದುಣ್ಣೋ ಮಾರಾಯ.

ಕಥೆಯನ್ನು ಯಾರೂ ಹೊಸೆಯಬೇಕಾಗಿರಲಿಲ್ಲ. ಅಮು ದರಿಯಾ ನದಿಯನ್ನು ಗ್ರೀಕರು ಆಕ್ಸಸ್ ಅನ್ನುತ್ತಿದ್ದರು. ಈಗಿನ ತಜಿಕಿಸ್ತಾನದ ದಕ್ಷಿಣ ಅಂಚಿನಲ್ಲಿ, ಆ ನದಿಯ ಉತ್ತರ ದಡದಲ್ಲಿ, 1877ರಿಂದ 1880ರ ನಡುವೆ ಒಂದು ನಿಧಿ ಸಿಕ್ಕಿತು. ನಾಣ್ಯಗಳನ್ನು ಬಿಟ್ಟರೆ ಸುಮಾರು 180 ಚಿನ್ನ ಬೆಳ್ಳಿ ವಸ್ತುಗಳು ಉಳಿದಿವೆ. ಹೆಚ್ಚಿನವು ಪರ್ಷಿಯಾದ ಅಕೀಮೆನಿಡ್ ಅರಸರ ಕಾಲದವು, ಅಂದರೆ ಕ್ರಿ.ಪೂ. 5 ಮತ್ತು 4ನೇ ಶತಮಾನದವು. 1880ರಲ್ಲಿ ಬುಖಾರಾದ ಮೂವರು ವ್ಯಾಪಾರಿಗಳು ಅದನ್ನು ಹೊತ್ತುಕೊಂಡು ಕಾಬೂಲ್ ದಾಟಿ ಪೇಶಾವರದ ಕಡೆ ಹೊರಟರು. ದಾರಿಯಲ್ಲಿ ದರೋಡೆಯಾಯಿತು. ಅವರ ಆಳು ತಪ್ಪಿಸಿಕೊಂಡು ಹೋಗಿ ಹತ್ತಿರದ ಬ್ರಿಟಿಷ್ ಶಿಬಿರಕ್ಕೆ ಸುದ್ದಿ ಮುಟ್ಟಿಸಿದ. ಅಲ್ಲಿದ್ದ ಕ್ಯಾಪ್ಟನ್ ಎಫ್. ಸಿ. ಬರ್ಟನ್ ಇಬ್ಬರು ಸಿಪಾಯಿಗಳನ್ನು ಕಟ್ಟಿಕೊಂಡು ನಡುರಾತ್ರಿ ಕಳ್ಳರ ಗುಹೆಗೆ ನುಗ್ಗಿದ. ಹೋಗಿ ನೋಡಿದರೆ ಕಳ್ಳರು ಪಾಲು ಹಂಚಿಕೊಳ್ಳುವ ಜಗಳದಲ್ಲಿ ಆಗಲೇ ಒಬ್ಬರನ್ನೊಬ್ಬರು ಗಾಯ ಮಾಡಿಕೊಂಡಿದ್ದರು. ನಿಧಿಯ ದೊಡ್ಡ ಪಾಲು ವಾಪಸ್ ಸಿಕ್ಕಿತು. ಆ ಋಣಕ್ಕೆ ವ್ಯಾಪಾರಿಗಳು ಒಂದು ತೋಳಬಂದಿಯನ್ನು ಬರ್ಟನ್‌ಗೆ ಮಾರಿದರು.

ಆ ತೋಳಬಂದಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸ್ವತ್ತು. ಅದರ ಜೋಡಿ ಮಾತ್ರ ಬೇರೆ ದಾರಿ ಹಿಡಿಯಿತು. ಉಳಿದ ನಿಧಿಯ ಜೊತೆ ರಾವಲ್ಪಿಂಡಿಯಲ್ಲಿ ಮಾರಾಟವಾಗಿ, ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್, ಅಗಸ್ಟಸ್ ಫ್ರಾಂಕ್ಸ್ ಅವರಂಥ ಸಂಗ್ರಾಹಕರ ಕೈ ದಾಟಿ, 1897ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿತು. ಒಂದೇ ಊರಲ್ಲಿ ಇಬ್ಬರು ಒಡೆಯರು. ನನಗೆ ಜಾಸ್ತಿ ಇಷ್ಟವಾದ ವಿಷಯ ಬೇರೆ. ರಾವಲ್ಪಿಂಡಿಯ ವ್ಯಾಪಾರಿಗಳು ಕೆಲವು ವಸ್ತುಗಳಿಗೆ ನಕಲು ಮಾಡಿಸಿದ್ದರು. ಫ್ರಾಂಕ್ಸ್‌ಗೆ ಮೊದಲು ಸಿಕ್ಕಿದ್ದು ನಕಲು, ಆಮೇಲೆ ಅಸಲು. ಅಂದರೆ ಈ ನಿಧಿಗೆ ನಕಲು ಮಾಡಿದವರಲ್ಲಿ ನಾನು ಮೊದಲನೆಯವನೇನಲ್ಲ. ನಮ್ಮ ಚಿತ್ರದ ಎಳೆಯೂ ಅದೇ. ಚೀಲದಲ್ಲಿ ಎರಡು ತೋಳಬಂದಿ. ಒಂದು ಅಸಲು, ಒಂದು ನಕಲು. ಒಂದು ರಾತ್ರಿ, ಒಂದು ಗುಹೆ.

ಮೊದಲ ಮೂರು ವಾರ: ಮಣ್ಣು

ಮ್ಯೂಸಿಯಂ ಫೋಟೋಗಳನ್ನು ನಿಜ ಅಳತೆಯಲ್ಲಿ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದೆ. ಎತ್ತರ ಸುಮಾರು 12 ಸೆಂಟಿಮೀಟರ್. ಲಾಳದ ಆಕಾರ ಅಂದುಕೊಳ್ಳಿ. ಆದರೆ ಲಾಳದ ಬೆನ್ನನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದ ಹಾಗೆ ಒಂದು ತಗ್ಗಿದೆ. ಎರಡು ತುದಿಗಳಲ್ಲಿ ಎರಡು ಗ್ರಿಫಿನ್‌ಗಳು ಮುಖಾಮುಖಿ ಜಿಗಿಯುತ್ತಿವೆ. ಹದ್ದಿನ ಮುಖ, ಸಿಂಹದ ಮೈ, ರೆಕ್ಕೆ, ಮೇಲೆ ಕೊಂಬು. ಊರಲ್ಲಿರುವ ತಂಗಿಗೆ ಫೋಟೋ ಕಳಿಸಿದರೆ "ಇದೇನೋ, ಗಂಡಭೇರುಂಡ ಜಗಳ ಮಾಡ್ಕೊಂಡು ಬೇರೆ ಆಗಿದೆಯಲ್ಲ" ಅಂದಳು. ತಲೆ ಮತ್ತು ಎದೆ ಪೂರ್ತಿ ಮೂರ್ತಿಯಂತೆ ಎದ್ದು ನಿಂತಿವೆ. ಹಿಂಗಾಲು ಮತ್ತು ಬಾಲ ಮಾತ್ರ ಬಳೆಯ ಮೈಗೆ ಅಂಟಿದ ಉಬ್ಬು ಕೆತ್ತನೆ. ಈ ಜಾರುವಿಕೆ, ಮೂರ್ತಿಯು ನಿಧಾನವಾಗಿ ಉಬ್ಬುಚಿತ್ರವಾಗುವುದು, ಮೂಲ ಕುಶಲಿಯ ಕೈಚಳಕದ ಗುಟ್ಟು. ನನಗೆ ಅದು ನಾಲ್ಕು ಸಲ ಹಾಳಾಯಿತು.

ಒಳಗೆ ತಾಮ್ರದ ತಂತಿಯ ಎಲುಬು. ಎರಡು ಎಳೆ ಹೊಸೆದು ಬಗ್ಗಿಸಿದ್ದು. ಒಂಟಿ ಎಳೆಯಾದರೆ ಜೇಡಿ ತಂತಿಯ ಸುತ್ತ ತಿರುಗುತ್ತದೆ, ಹೊಸೆದದ್ದಾದರೆ ಹಲ್ಲು ಕಚ್ಚಿ ನಿಲ್ಲುತ್ತದೆ. ಮೇಲೆ ಪ್ಲಾಸ್ಟಿಸೀನ್, ಅಂದರೆ ಒಣಗದ ಎಣ್ಣೆಜೇಡಿ. ಮಕ್ಕಳ ಶಾಲೆಗೆ ಮಾರುವ ಅಗ್ಗದ ಪ್ಲಾಸ್ಟಿಸೀನ್ ತಂದಿದ್ದೆ. ಈ ಸಾಲನ್ನು ನೆನಪಿಡಿ, ಮುಂದೆ ಇದೇ ನನ್ನನ್ನು ಅಳಿಸಿತು.

ಗ್ರಿಫಿನ್‌ನ ರೆಕ್ಕೆ, ಎದೆ, ಮೈ ತುಂಬ ಸಣ್ಣ ಸಣ್ಣ ಗೂಡುಗಳಿವೆ. ಮೂಲದಲ್ಲಿ ಆ ಗೂಡುಗಳಲ್ಲಿ ಬಣ್ಣದ ಕಲ್ಲೋ ಗಾಜೋ ಕೂರಿಸಿದ್ದರು. ಈಗ ಬಹುತೇಕ ಎಲ್ಲ ಉದುರಿವೆ, ಖಾಲಿ ಗೂಡು ಮಾತ್ರ ಉಳಿದಿವೆ. ಒಂದೊಂದನ್ನೂ ಕೈಯಲ್ಲಿ ಕೆತ್ತಿದರೆ ಒಂದರಂತೆ ಒಂದು ಬರುವುದಿಲ್ಲ. ತಂಪು ಪಾನೀಯದ ಡಬ್ಬಿಯ ತಗಡನ್ನು ಕತ್ತರಿಸಿ, ಗರಿಯ ಆಕಾರಕ್ಕೆ ಮಡಚಿ, ಮೂರು ಅಳತೆಯ ಪುಟ್ಟ ಅಚ್ಚುಗಳನ್ನು ಮಾಡಿಕೊಂಡೆ. ನೀರಲ್ಲಿ ಅದ್ದಿ ಒತ್ತಿದರೆ ಅಂಟದೆ ಬರುತ್ತದೆ. ಉರುಟು ಗೂಡುಗಳಿಗೆ ಬಾಲ್‌ಪೆನ್ನಿನ ಖಾಲಿ ರೀಫಿಲ್. ಚಕ್ಕುಲಿ ಒರಳಿನ ಬಿಲ್ಲೆ ಮಾಡುವವರಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ ಅನ್ನಿಸಿತು.

ನಾಲ್ಕನೇ ವಾರ: ಅಂಟು ಪಾಯಸ

ಅಚ್ಚಿಗೆ ಸಿಲಿಕೋನ್ ಬೇಕು. ಎರಡು ಬಗೆ ಸಿಗುತ್ತದೆ. ಒಂದು ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವುದು. ಇನ್ನೊಂದು ತವರದ ಸಂಯುಕ್ತದಿಂದ ಗಟ್ಟಿಯಾಗುವುದು. ಮೊದಲನೆಯದು ದುಬಾರಿ, ಕುಗ್ಗುವುದಿಲ್ಲ, ಬಾಳಿಕೆ ಜಾಸ್ತಿ. ನಾನು ಜಾಣನಂತೆ ದುಬಾರಿಯದನ್ನೇ ತಂದೆ. ಅಂಗಡಿಯವನು "ಯಾವುದರ ಮೇಲೆ ಸುರಿಯುತ್ತೀರಿ" ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪೆಟ್ಟಿಗೆ ಕಟ್ಟಿದೆ. ಮಾದರಿಯನ್ನು ಅರ್ಧದವರೆಗೆ ಪ್ಲಾಸ್ಟಿಸೀನ್ ಹಾಸಿಗೆಯಲ್ಲಿ ಹೂಳಿದೆ. ಎರಡು ಭಾಗಗಳು ಸರಿಯಾಗಿ ಕೂರಲಿ ಅಂತ ಗೋಲಿ ಒತ್ತಿ ಗುಳಿ ಮಾಡಿದೆ. ಸಿಲಿಕೋನನ್ನು ಎತ್ತರದಿಂದ, ದಾರದಷ್ಟು ಸಣ್ಣ ಧಾರೆಯಲ್ಲಿ ಸುರಿದೆ. ಹಾಗೆ ಸುರಿದರೆ ಗುಳ್ಳೆಗಳು ದಾರಿಯಲ್ಲೇ ಒಡೆಯುತ್ತವೆ. ರಾತ್ರಿ ಬಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ಹೊರಗೆ ಗಟ್ಟಿ, ಒಳಗೆ ಮಾದರಿಗೆ ತಾಗಿದ ಕಡೆಯಲ್ಲೆಲ್ಲ ಅಂಟು ಪಾಯಸ. ಇನ್ನೊಂದು ದಿನ ಬಿಟ್ಟೆ. ಪಾಯಸವೇ.

ಕಾರಣ ಗಂಧಕ. ಅನೇಕ ಪ್ಲಾಸ್ಟಿಸೀನ್‌ಗಳಲ್ಲಿ ಗಂಧಕ ಇರುತ್ತದೆ. ಅದು ಪ್ಲಾಟಿನಂ ವೇಗವರ್ಧಕವನ್ನು ಸಾಯಿಸಿಬಿಡುತ್ತದೆ. ಸೋಕಿದ ಕಡೆ ಸಿಲಿಕೋನ್ ಯಾವತ್ತಿಗೂ ಗಟ್ಟಿಯಾಗುವುದಿಲ್ಲ. ಲ್ಯಾಟೆಕ್ಸ್ ಕೈಗವಸಿನಿಂದಲೂ ಹೀಗೇ ಆಗುತ್ತದೆ. ಇದನ್ನು ಮೊದಲೇ ಓದಿದ್ದೆ ಕೂಡ! ಒಂದು ಕಾಳಿನಷ್ಟು ಪ್ಲಾಸ್ಟಿಸೀನ್ ಮೇಲೆ ಒಂದು ಹನಿ ಸಿಲಿಕೋನ್ ಹಾಕಿ ನೋಡಿದ್ದರೆ ಸಾಕಿತ್ತು. ಐದು ನಿಮಿಷದ ಕೆಲಸ. ಮಾಡಲಿಲ್ಲ. ಅಂಟನ್ನು ಒರೆಸುವಾಗ ಎಡಗಡೆಯ ಗ್ರಿಫಿನ್‌ನ ರೆಕ್ಕೆಯೂ ಕಿತ್ತು ಬಂತು. ಎರಡು ಸಂಜೆ ಅದನ್ನು ಮತ್ತೆ ಕೂರಿಸಲು ಹೋಯಿತು.

ಎರಡನೇ ಸಲ ತವರದ ಬಗೆಯ ಸಿಲಿಕೋನ್ ತಂದೆ. ಅದಕ್ಕೆ ಗಂಧಕದ ಕಾಟ ಇಲ್ಲ. ಮೊದಲ ಭಾಗ ಗಟ್ಟಿಯಾದ ಮೇಲೆ ಅದರ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿ ಎರಡನೇ ಭಾಗ ಸುರಿದೆ. ವ್ಯಾಸಲೀನ್ ಮರೆತರೆ ಎರಡೂ ಸೇರಿ ಒಂದೇ ಇಟ್ಟಿಗೆಯಾಗುತ್ತದೆ. ಇದನ್ನು ಮಾತ್ರ ಮರೆಯಲಿಲ್ಲ.

ಆ ಅಚ್ಚಿನಲ್ಲಿ ಪಾಲಿಯುರೆಥೇನ್ ರಾಳ ಸುರಿದು ಮೊದಲ ತೋಳಬಂದಿ ತೆಗೆದೆ. ಸ್ಪ್ರೇ ಡಬ್ಬಿಯ ಚಿನ್ನದ ಬಣ್ಣ ಹೊಡೆದೆ. ಆಮೇಲಿನ ನಗುವಿನ ಕಥೆ ಮೇಲೆ ಹೇಳಿದ್ದೇನೆ.

ತೂಕದ ಲೆಕ್ಕ

ರಾಳದ ತೋಳಬಂದಿಯನ್ನು ದಾರದಲ್ಲಿ ಕಟ್ಟಿ, ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆದೆ. 62 ಮಿಲಿಲೀಟರ್. ಚಿನ್ನದ ಸಾಂದ್ರತೆ 19.3. ಅಂದರೆ ನನ್ನ ಮಾದರಿಯನ್ನು ಗಟ್ಟಿ ಚಿನ್ನದಲ್ಲಿ ಎರೆದಿದ್ದರೆ ಸುಮಾರು 1.2 ಕೆಜಿ. ಮೂಲದ ಬಳೆಯಲ್ಲಿ ಟೊಳ್ಳು ಭಾಗ ಇರುವುದರಿಂದ ಅದು ಅಷ್ಟು ಭಾರ ಇಲ್ಲ. ನನಗೆ ಬೇಕಾಗಿದ್ದು ಸುಮಾರು ಅರ್ಧ ಕೆಜಿ. ಅಷ್ಟಿದ್ದರೆ ಕೈ ತಾನಾಗಿಯೇ ನಟಿಸುತ್ತದೆ.

ಅಜ್ಜ ಟೊಳ್ಳು ಒಡವೆಗಳಿಗೆ ಅರಗು ತುಂಬುತ್ತಿದ್ದರು. ತೆಳು ತಗಡಿನ ಒಳಗೆ ಬಿಸಿ ಅರಗು ಇಳಿಸಿದರೆ ಒಡವೆ ತಗ್ಗು ಬೀಳುವುದಿಲ್ಲ, ಕೈಗೂ ಗಟ್ಟಿ ಅನ್ನಿಸುತ್ತದೆ. ಅದೇ ಯೋಚನೆ ನನ್ನ ತಲೆಯಲ್ಲೂ ಓಡಿತು. ಟೊಳ್ಳು ರಾಳದೊಳಗೆ ಏನಾದರೂ ಭಾರವಾದದ್ದನ್ನು ತುಂಬಿದರೆ? ಟಂಗ್‌ಸ್ಟನ್ ಸಾಂದ್ರತೆ 19.25. ಚಿನ್ನಕ್ಕೆ ಅವಳಿ. ನಕಲಿ ಚಿನ್ನದ ಗಟ್ಟಿ ಮಾಡುವ ವಂಚಕರು ಅದನ್ನೇ ಒಳಗಿಡುವುದು. ಆದರೆ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಸೀಸದ ಗುಂಡು ಅಗ್ಗ, ಆದರೆ ಅದರ ಪುಡಿ ವಿಷ. ನಟರು ಇದನ್ನು ಇಡೀ ದಿನ ಕೈಯಲ್ಲಿ ಹಿಡಿದು, ಅದೇ ಕೈಯಲ್ಲಿ ಸಮ್ಸಾ ತಿನ್ನುವವರು. ಬೇಡ.

ತಾಷ್ಕೆಂಟಿನ ಯಾಂಗಿಯಾಬಾದ್ ಸಂತೆ ನನ್ನಂಥವರ ಸ್ವರ್ಗ. ಸೋವಿಯತ್ ಕಾಲದ ಕ್ಯಾಮೆರಾ, ಮೀಟರು, ಪದಕ, ನಟ್ಟು ಬೋಲ್ಟು ಎಲ್ಲ ನೆಲದ ಮೇಲೆ ಹರವಿರುತ್ತಾರೆ. ಅಲ್ಲಿ ಹಳೆಯ ಬೆಸುಗೆ ಕಡ್ಡಿಗಳ ಕಟ್ಟು ಸಿಕ್ಕಿತು. ಮೇಲೆ ಪಿಒಎಸ್-61 ಅಂತ ಗುರುತು. ಅಂದರೆ 61 ಪಾಲು ತವರ. ಉಳಿದದ್ದು? ಸೀಸ. ಅದನ್ನೂ ವಾಪಸ್ ಇಟ್ಟೆ. ಕೊನೆಗೆ ಬೇರೆ ಕಡೆ ಸೀಸವಿಲ್ಲದ ಶುದ್ಧ ತವರದ ಕಡ್ಡಿ ಹುಡುಕಿದೆ. ಸಾಂದ್ರತೆ 7.3. 62 ಮಿಲಿಲೀಟರಿಗೆ 450 ಗ್ರಾಂ ಚಿಲ್ಲರೆ. ಇನ್ನೊಂದು ಅನುಕೂಲ ಇದೆ. ತವರ 232 ಡಿಗ್ರಿಗೆ ಕರಗುತ್ತದೆ. ಆ ಬಿಸಿಯನ್ನು ಸಿಲಿಕೋನ್ ಅಚ್ಚು ಕೆಲವು ಸಲ ತಡೆದುಕೊಳ್ಳುತ್ತದೆ. ಕೆಲವು ಸಲ ಮಾತ್ರ.

ಐದನೇ ವಾರ: ಎರಕ

ಬಾಲ್ಕನಿಯಲ್ಲಿ ವಿದ್ಯುತ್ ಒಲೆ, ಸ್ಟೀಲ್ ಸೌಟು, ಚರ್ಮದ ಕೈಗವಸು, ಕನ್ನಡಕ. ನೀರಿನ ಬಾಟಲಿಯನ್ನು ಬೇಕಂತಲೇ ಒಳಗಿಟ್ಟೆ. ಕರಗಿದ ಲೋಹಕ್ಕೆ ಒಂದು ಹನಿ ನೀರು ಸಿಕ್ಕರೂ ಹಬೆಯಾಗಿ ಸಿಡಿಯುತ್ತದೆ. ಅಚ್ಚನ್ನೂ ಓವನ್ನಿನಲ್ಲಿ 80 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿದೆ. ಒಣಗಿಸಿದ್ದು ಒಳ್ಳೆಯದೇ ಆಯಿತು, ಬಿಸಿ ಅಚ್ಚಿನಲ್ಲಿ ಲೋಹ ಜಾಸ್ತಿ ದೂರ ಹರಿಯುತ್ತದೆ.

ಮೊದಲ ಎರಕ: ಬಳೆ ಬಂತು, ಎರಡೂ ಗ್ರಿಫಿನ್‌ಗಳಿಗೆ ತಲೆಯಿಲ್ಲ. ಗಾಳಿ ತಲೆಯ ಕಡೆ ಸಿಕ್ಕಿಹಾಕಿಕೊಂಡಿತ್ತು.

ಎರಡನೇ ಎರಕ: ಕೊಂಬು ಮತ್ತು ರೆಕ್ಕೆಯ ತುದಿಗಳಿಂದ ಗಾಳಿ ಹೊರಹೋಗಲು ಬ್ಲೇಡಿನಿಂದ ಸಣ್ಣ ಕಾಲುವೆಗಳನ್ನು ಕೊರೆದು ಅಚ್ಚಿನ ನೆತ್ತಿಯವರೆಗೆ ತಂದೆ. ಈ ಸಲ ತಲೆ ಬಂತು. ಕೊಂಬು ಬರಲಿಲ್ಲ. ಮೂಲದಲ್ಲಿ ಕೊಂಬಿನ ತುದಿ ಕಹಳೆಯ ಬಾಯಿಯಂತೆ ಅಗಲ. ತೆಳು ಕತ್ತು, ಅಗಲ ಬಾಯಿ. ಲೋಹ ಕತ್ತಿನಲ್ಲೇ ಹೆಪ್ಪುಗಟ್ಟುತ್ತಿತ್ತು.

ಪಕ್ಕದ ಮಹಲ್ಲಾದಲ್ಲಿ ಒಬ್ಬ ವಯಸ್ಸಾದ ಜರ್ಗರ್ ಇದ್ದಾರೆ. ಜರ್ಗರ್ ಅಂದರೆ ಇಲ್ಲಿ ಅಕ್ಕಸಾಲಿ. ಬುಖಾರಾದಲ್ಲಿ ಅಕ್ಕಸಾಲಿಗಳ ಹೆಸರಿನ ಒಂದು ಹಳೆಯ ಗುಮ್ಮಟದ ಪೇಟೆಯೇ ಇದೆ, ತೋಕಿ ಜರ್ಗರೋನ್ ಅಂತ. ಇವರನ್ನು ಎಲ್ಲರೂ ಉಸ್ತಾ ಅಂತಲೇ ಕರೆಯುವುದು. ನನ್ನ ತಲೆಯಿಲ್ಲದ ಮತ್ತು ಕೊಂಬಿಲ್ಲದ ಎರಡು ಗ್ರಿಫಿನ್ ಜೋಡಿಗಳನ್ನು ಮುಂದಿಟ್ಟೆ. ಪಿಯಾಲಾದಲ್ಲಿ ಚಹಾ ಬಂತು. ಉಸ್ತಾ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎರಡೇ ಮಾತು. ಮೇಲಿನ ಬಾಯಿ ದೊಡ್ಡದು ಮಾಡು. ಒಳಗೆ ಟಾಲ್ಕಂ ಪುಡಿ ಹಚ್ಚು.

ಎರಡೂ ಸರಿ. ಸುರಿಯುವ ಬಾಯಿಯನ್ನು ಆಲಿಕೆಯಷ್ಟು ದೊಡ್ಡದು ಮಾಡಿದರೆ ಅಲ್ಲಿ ನಿಂತ ಲೋಹದ ಭಾರವೇ ಕೆಳಗಿನದನ್ನು ಮೂಲೆಮೂಲೆಗೆ ನೂಕುತ್ತದೆ. ಪುಡಿ ಹಚ್ಚಿದರೆ ಲೋಹ ಸಿಲಿಕೋನಿಗೆ ನೇರ ಅಂಟದೆ ಜಾರುತ್ತದೆ. ಮೂರನೇ ಎರಕದಲ್ಲಿ ನಾಲ್ಕು ಕೊಂಬೂ ಬಂದವು. ಒಂದರ ತುದಿ ಸ್ವಲ್ಪ ಮೊಂಡು. ನಾನು ಅದನ್ನು ಹಾಗೇ ಬಿಟ್ಟೆ. ತೂಕ 447 ಗ್ರಾಂ. ಕೈಗೆ ತೆಗೆದುಕೊಂಡು ಸುಮ್ಮನೆ ಕೂತೆ. ಬೆಳ್ಳಗೆ ಮಿನುಗುತ್ತಿದ್ದ ಆ ತವರದ ತುಂಡು ಆಗಲೇ ನಿಧಿಯಂತಿತ್ತು.

ಅಚ್ಚು ಹರಿಯುವ ಮೊದಲು ಇನ್ನೊಂದು ತವರದ್ದು, ಎಸೆದಾಡುವ ದೃಶ್ಯಕ್ಕೆ ಎರಡು ರಾಳದ್ದು ತೆಗೆದೆ. ಎಲ್ಲದರ ಒಳಮೈಯಲ್ಲೂ ಒಂದು ಪುಟ್ಟ "ಕ" ಮತ್ತು ಮಾಡಿದ ವರ್ಷ ಕೊರೆದೆ. ಹಳೆಯ ವಸ್ತುವಿನ ನಕಲು ಮಾಡುವವರು ಇದನ್ನು ಖಂಡಿತ ಮಾಡಬೇಕು. ಉಜ್ಬೇಕಿಸ್ತಾನದಲ್ಲಿ ಪುರಾತನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವ ಬಗ್ಗೆ ಬಿಗಿ ನಿಯಮಗಳಿವೆ. ವಿಮಾನ ನಿಲ್ದಾಣದಲ್ಲಿ ನಿಂತು ನಿಮ್ಮ ಕೈಕೆಲಸ ಎಷ್ಟು ಕೆಟ್ಟದು ಅಂತ ವಿವರಿಸುವ ಪರಿಸ್ಥಿತಿ ಯಾಕೆ ಬೇಕು?

ಹೊನ್ನಿನ ಬಣ್ಣ

ಸ್ಪ್ರೇ ಬಣ್ಣ ಯಾಕೆ ಪ್ಲಾಸ್ಟಿಕ್ ಥರ ಕಾಣುತ್ತದೆ ಗೊತ್ತಾ? ಅದರಲ್ಲಿ ಇರುವುದು ಲೋಹದ ಸಣ್ಣ ಚೂರುಗಳು. ಒಂದೊಂದು ಚೂರೂ ಒಂದೊಂದು ಕಡೆಗೆ ಬೆಳಕು ಎರಚುತ್ತದೆ. ನಿಜವಾದ ಚಿನ್ನ ಕನ್ನಡಿಯಂತೆ ಅಖಂಡವಾಗಿ ಹೊಳೆಯುತ್ತದೆ. ಅದಕ್ಕೆ ರೇಕು ಬೇಕು. ಇಲ್ಲಿ ಪೊತಾಲ್ ಅನ್ನುತ್ತಾರೆ. ಹಿತ್ತಾಳೆಯನ್ನು ತೀರಾ ತೆಳ್ಳಗೆ ಬಡಿದ ಹಾಳೆ. ಚಿನ್ನದ ರೇಕಿಗಿಂತ ತುಂಬಾ ಅಗ್ಗ.

ತವರದ ಮೈಯನ್ನು ಮರಳು ಕಾಗದದಿಂದ ತರಚಿ ಪ್ರೈಮರ್ ಹೊಡೆದೆ. ಮೇಲೆ ಇಟ್ಟಿಗೆ ಕೆಂಪು ಬಣ್ಣ. ರೇಕು ಎಲ್ಲಾದರೂ ಬಿರುಕು ಬಿಟ್ಟರೆ ಕೆಳಗಿನ ಕೆಂಪು ಇಣುಕಿ ಚಿನ್ನಕ್ಕೆ ಬೆಚ್ಚಗಿನ ಛಾಯೆ ಕೊಡುತ್ತದೆ. ಹಳೆಯ ಚೌಕಟ್ಟುಗಳಿಗೆ ರೇಕು ಹಾಕುವವರು ಕೆಂಪು ಜೇಡಿ ಬಳಿಯುವುದು ಇದಕ್ಕೇ. ಆಮೇಲೆ ಅಂಟು. ಅದು ಬೆರಳಿಗೆ ತಾಗಿ ಸಣ್ಣಗೆ "ಟಕ್" ಅನ್ನುವ ಹದಕ್ಕೆ ಬರುವವರೆಗೆ ಕಾಯಬೇಕು. ಬೇಗ ಹಾಕಿದರೆ ರೇಕು ಮುಳುಗಿ ಮಂಕಾಗುತ್ತದೆ. ತಡವಾದರೆ ಹಿಡಿಯುವುದೇ ಇಲ್ಲ. ಗೂಡುಗಳ ಒಳಗೆ ರೇಕನ್ನು ಒಣ ಕುಂಚದಿಂದ ಕುಕ್ಕಿ ಕುಕ್ಕಿ ಕೂರಿಸಿದೆ. ಒಂದು ತೋಳಬಂದಿಗೆ ಆರು ಗಂಟೆ. ಫ್ಯಾನ್ ಹಾಕುವಂತಿಲ್ಲ, ಜೋರಾಗಿ ಉಸಿರಾಡುವಂತಿಲ್ಲ, ಸೀನಿದರೆ ಮುಗಿಯಿತು.

ಹಿತ್ತಾಳೆ ರೇಕು ಗಾಳಿಗೆ ಕಪ್ಪಾಗುತ್ತದೆ. ಅದಕ್ಕೆ ಮೇಲೆ ಶೆಲ್ಯಾಕ್ ಲೇಪ. ಶೆಲ್ಯಾಕ್ ಅಂದರೆ ಅರಗೇ, ಶುದ್ಧ ಮಾಡಿ ಮದ್ಯಸಾರದಲ್ಲಿ ಕರಗಿಸಿದ್ದು. ಅಜ್ಜನ ಅರಗು ಒಳಗೆ ಹೋಗಲಿಲ್ಲ, ಹೊರಗಿಂದ ಬಂತು.

ಎರಡು ಜಗಳ

ಮೊದಲ ಜಗಳ ಹಳತು ಕಾಣಿಸುವುದರ ಬಗ್ಗೆ. ನಿರ್ದೇಶಕನಿಗೆ ತೋಳಬಂದಿಯ ಸಂದುಗಳಲ್ಲಿ ಹಸಿರು ಪಾಚಿ ಬಣ್ಣ ಬೇಕಿತ್ತು. "ನೂರಾರು ವರ್ಷ ಮಣ್ಣಲ್ಲಿ ಇದ್ದದ್ದು ಹೊಸದರಂತೆ ಇರುತ್ತಾ?" ಇರುತ್ತದೆ! ಹಸಿರಾಗುವುದು ತಾಮ್ರ, ಕಪ್ಪಾಗುವುದು ಬೆಳ್ಳಿ. ಒಳ್ಳೆಯ ಚಿನ್ನ ಮಣ್ಣಿನಿಂದ ಎದ್ದು ಬಂದಾಗಲೂ ಚಿನ್ನದ ಬಣ್ಣದಲ್ಲೇ ಇರುತ್ತದೆ. ಸಂದುಗಳಲ್ಲಿ ಮಣ್ಣು ಇರಬಹುದು ಅಷ್ಟೇ. ಹಸಿರು ಹಾಕಿದರೆ ನಾವು ಎರಡು ತಿಂಗಳು ಪಟ್ಟ ಪಾಡೆಲ್ಲ ಹಿತ್ತಾಳೆ ಅಂತ ನಾವೇ ಹೇಳಿದ ಹಾಗೆ. ಕೊನೆಗೆ ಈ ಸುತ್ತಿನ ಲೋಯೆಸ್ ಮಣ್ಣನ್ನು, ಗಾಳಿ ತಂದು ಗುಡ್ಡೆ ಹಾಕಿದ ಹಳದಿ ಧೂಳನ್ನು, ಬಟ್ಟೆಯಲ್ಲಿ ಸೋಸಿ, ಕಂದು ಎಣ್ಣೆ ಬಣ್ಣದ ಜೊತೆ ಸಂದಿಗೆ ಉಜ್ಜಿ, ಮೇಲ್ಮೈ ಒರೆಸಿದೆ. ಬಣ್ಣದಂಗಡಿಯ ಯಾವ ಕಂದೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಎರಡನೇ ಜಗಳ ಕಲ್ಲುಗಳದ್ದು. ಗೂಡು ಖಾಲಿ ಇದ್ದರೆ ನೋಡುವವರಿಗೆ ಅರ್ಧ ಮಾಡಿದ ಕೆಲಸದಂತೆ ಕಾಣುತ್ತದೆ, ಕೆಂಪು ಕಲ್ಲು ತುಂಬು ಅಂತ ಆಸೆ ಅವನಿಗೆ. ನಾನು ಒಪ್ಪಲಿಲ್ಲ. ನೂರಾರು ಕೈ ದಾಟಿ, ನೆಲದಲ್ಲಿ ಹೂತು, ಚೀಲದಲ್ಲಿ ಕುಲುಕಾಡಿ ಬಂದ ವಸ್ತುವಿನಲ್ಲಿ ಕಲ್ಲು ಉಳಿಯುವುದಿಲ್ಲ. ಆ ಖಾಲಿ ಗೂಡುಗಳೇ ಅದರ ವಯಸ್ಸು. ಕೆಂಪು ಗಾಜು ತುಂಬಿದರೆ ಜಾತ್ರೆಯ ಬಳೆ. ಮೂರು ದಿನ ಮಾತು ಬಿಟ್ಟೆವು. ಆಮೇಲೆ ಬರಹಗಾರ್ತಿ ದಾರಿ ಹುಡುಕಿದಳು. ಅಸಲಿ ತೋಳಬಂದಿಯಲ್ಲಿ ಒಂದೇ ಒಂದು ಗೂಡಿನಲ್ಲಿ ನೀಲಿ ಚೂರು ಉಳಿದಿರಲಿ. ನಕಲು ಮಾಡಿದವನು ಅದನ್ನು ಗಮನಿಸಿಲ್ಲ. ಗುಹೆಯ ಕತ್ತಲಲ್ಲಿ ವ್ಯಾಪಾರಿ ಬೆರಳಾಡಿಸಿ ಆ ಗೂಡನ್ನು ಹುಡುಕಿ ಅಸಲನ್ನು ಗುರುತು ಹಿಡಿಯುತ್ತಾನೆ.

ನೀಲಿಗೆ ಲಾಪಿಸ್ ಲಾಜುಲಿ. ಬದಖ್‌ಶಾನದ ಬೆಟ್ಟದ ಕಲ್ಲು, ಈ ಸೀಮೆಯಿಂದ ಸಾವಿರಾರು ವರ್ಷದಿಂದ ಪ್ರಪಂಚಕ್ಕೆಲ್ಲ ಹೋದದ್ದು. ಒಡೆದ ಮಣಿಯೊಂದನ್ನು ಚೋರ್ಸು ಬಜಾರಿನಿಂದ ತಂದು, ನೀರು ಹಾಕಿ ಮರಳು ಕಾಗದದಲ್ಲಿ ಉಜ್ಜಿ, ಅಕ್ಕಿಕಾಳಿನಷ್ಟು ಮಾಡಿ, ಎಪಾಕ್ಸಿ ಅಂಟಿನಲ್ಲಿ ಕೂರಿಸಿದೆ. ಬಲಗಡೆಯ ಗ್ರಿಫಿನ್, ಎದೆಯ ಎರಡನೇ ಸಾಲು. ಇಡೀ ಪ್ರಾಪ್‌ನಲ್ಲಿ ನಿಜವಾದ ವಸ್ತು ಅಂದರೆ ಅದೊಂದೇ.

ನಡುವೆ ಚಿನ್ನದ ಗಟ್ಟಿಗಳೂ ಬೇಕು ಅಂದರು. ಆಕ್ಸಸ್ ನಿಧಿಗೆ ಅದು ಹೊಂದುವುದಿಲ್ಲ. ಆದರೆ ಉಜ್ಬೇಕಿಸ್ತಾನದ ದಕ್ಷಿಣದಲ್ಲಿ ದಲ್ವೆರ್ಜಿನ್ ತೆಪೆ ಅನ್ನುವ ಕುಶಾನರ ಕಾಲದ ಊರಿನಲ್ಲಿ 1972ರಲ್ಲಿ ಸುಮಾರು 36 ಕೆಜಿ ಚಿನ್ನ ಸಿಕ್ಕಿತ್ತು. ಅದರ ಕೆಲವು ಗಟ್ಟಿಗಳ ಮೇಲೆ ಖರೋಷ್ಠಿ ಲಿಪಿಯಲ್ಲಿ ತೂಕ ಬರೆದಿದೆ. ಗಾಂಧಾರದ ಕಡೆಯ ಲಿಪಿ ಅಷ್ಟು ದೂರದಲ್ಲಿ! ಆ ಆಸೆಗೆ ಎರಡು ಗಟ್ಟಿ ಮಾಡಿದೆ. ಪ್ಲಾಸ್ಟರ್ ಅಚ್ಚಿನೊಳಗೆ ಅಕ್ಷರಗಳನ್ನು ನೇರವಾಗಿ ಕೆತ್ತಿದೆ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ಲಿಪಿ. ಎರೆದ ಗಟ್ಟಿಯ ಮೇಲೆ ಅದು ತಿರುಗಿ ಎಡದಿಂದ ಬಲಕ್ಕೆ ಬಂತು. ಗಟ್ಟಿಗಳನ್ನು ಚೀಲದ ತಳದಲ್ಲಿ ಬೋರಲು ಹಾಕಿದ್ದೇವೆ.

ಬೆಳಕು

ಮೊದಲ ಕ್ಯಾಮೆರಾ ಪರೀಕ್ಷೆಯಲ್ಲಿ ತೋಳಬಂದಿ ನಿಂಬೆಹಣ್ಣಿನಂತೆ ಕಂಡಿತು. ಅಗ್ಗದ ಎಲ್‌ಇಡಿಯ ತಣ್ಣನೆ ಬೆಳಕು ಹಿತ್ತಾಳೆಯ ಹಸಿರನ್ನು ಎತ್ತಿ ಹಿಡಿಯುತ್ತಿತ್ತು. ಹಳೆಯ ತಂತಿ ಬಲ್ಬಿಗೆ ಬದಲಿಸಿದಾಗ ಹಳದಿ ಬಂತು, ಆದರೆ ಸಪ್ಪೆ. ಕ್ಯಾಮೆರಾ ಹಿಡಿಯುವ ಹುಡುಗ ಸಮರ್ಕಂದದವನು, ಮಾತು ಕಮ್ಮಿ. ತನ್ನ ಕಪ್ಪು ಕೋಟನ್ನು ಬಿಚ್ಚಿ ತೋಳಬಂದಿಯ ಒಂದು ಪಕ್ಕಕ್ಕೆ ಹಿಡಿದ. ಅಷ್ಟೇ. ಚಿನ್ನ ಎದ್ದು ಕೂತಿತು. ಹೊಳೆಯುವ ವಸ್ತು ತನ್ನ ಸುತ್ತ ಇರುವುದನ್ನೇ ತೋರಿಸುತ್ತದೆ. ಸುತ್ತ ಬರೀ ಬೆಳಕಿದ್ದರೆ ಬರೀ ಬಿಳಿ. ಪಕ್ಕದಲ್ಲಿ ಒಂದಿಷ್ಟು ಕತ್ತಲೆ ಇದ್ದರೆ ಮಾತ್ರ ಅಂಚು, ತಿರುವು, ಗೂಡು ಎಲ್ಲ ಕಾಣುತ್ತವೆ. ಗುಹೆಯ ದೃಶ್ಯಕ್ಕೆ ನಮಗೆ ಇನ್ನೇನು ಬೇಕು?

ಚಿತ್ರೀಕರಣ, ಮತ್ತು ಮುರಿದ ಕೊಂಬು

ಚಿಮ್ಗಾನ್ ಬೆಟ್ಟಗಳ ತಪ್ಪಲಿನ ಒಂದು ಕೊರಕಲಿನಲ್ಲಿ ಎರಡು ರಾತ್ರಿ. ಮೊದಲ ರಾತ್ರಿ ಎಲ್ಲ ಸರಿ. ಅದೇ ನಟ, ಅದೇ ಚೀಲ. ಕೈ ಒಳಗೆ ಹೋಯಿತು. ಎತ್ತುವಾಗ ಮಣಿಕಟ್ಟು ಒಂದು ಕ್ಷಣ ಕೆಳಗೆ ಜಗ್ಗಿತು, ಇನ್ನೊಂದು ಕೈ ತಾನಾಗಿ ಆಸರೆಗೆ ಬಂತು. ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೂ ನಗಲಿಲ್ಲ.

ಎರಡನೇ ರಾತ್ರಿ ಕಳ್ಳರ ಜಗಳದ ದೃಶ್ಯ. ರಾಳದ್ದನ್ನು ಎಸೆಯಬೇಕಿತ್ತು, ಗಡಿಬಿಡಿಯಲ್ಲಿ ತವರದ್ದನ್ನು ಎಸೆದರು. ಬಂಡೆಗೆ ಬಡಿದು ಒಂದು ಕೊಂಬು ಮುರಿಯಿತು. ತಪ್ಪು ನನ್ನದೂ ಹೌದು. ನಾಲ್ಕೂ ಒಂದೇ ಥರ ಕಾಣುತ್ತಿದ್ದವು, ಗುರುತಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಬೇಕಿತ್ತು.

ಬೆಸುಗೆ ಹಾಕುವಂತಿಲ್ಲ. ಬೆಸುಗೆಯ ಬಿಸಿಗೆ ತವರದ ಗ್ರಿಫಿನ್ ಮುಖವೇ ಕರಗಿ ಇಳಿದುಬಿಡುತ್ತದೆ. ಜೀಪಿನ ದೀಪದ ಬೆಳಕಲ್ಲಿ ಕೂತು ಕೈ ಡ್ರಿಲ್ಲಿನಿಂದ ತಲೆಯಲ್ಲೊಂದು, ಕೊಂಬಿನಲ್ಲೊಂದು ಒಂದೂವರೆ ಮಿಲಿಮೀಟರ್ ತೂತು ಕೊರೆದೆ. ತವರ ಮೆತ್ತಗೆ, ಬೆಣ್ಣೆಯಂತೆ ಕೊರೆಯುತ್ತದೆ. ತೂತು ಎದುರುಬದುರು ಕೂರಲು ಒಂದು ಉಪಾಯ ಇದೆ. ಒಂದು ತೂತಿನ ಬಾಯಿಗೆ ಒದ್ದೆ ಬಣ್ಣದ ಚುಕ್ಕೆ ಇಟ್ಟು, ಇನ್ನೊಂದು ತುಂಡನ್ನು ಅದರ ಮೇಲೆ ಒತ್ತಿ ತೆಗೆದರೆ ಎಲ್ಲಿ ಕೊರೆಯಬೇಕೋ ಅಲ್ಲೇ ಗುರುತು ಬೀಳುತ್ತದೆ. ಉಕ್ಕಿನ ತಂತಿಯ ತುಂಡನ್ನು ಒಳಗಿಟ್ಟು ಐದು ನಿಮಿಷದ ಎಪಾಕ್ಸಿ ಹಾಕಿದೆ. ಚಳಿಗೆ ಆ ಐದು ನಿಮಿಷ ನಲವತ್ತಾಯಿತು. ಒಬ್ಬರಾದ ಮೇಲೆ ಒಬ್ಬರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿದರು. ಕೊನೆಗೆ ರೇಕಿನ ಒಂದು ಚೂರು, ಬೆರಳಲ್ಲಿ ಮಣ್ಣು.

ಸದ್ದು ಒಂದು ಬಾಕಿ ಇತ್ತು. ತವರ ಕಲ್ಲಿಗೆ ತಾಗಿದರೆ ಮಂಕಾಗಿ "ದಪ್" ಅನ್ನುತ್ತದೆ. ಉಸ್ತಾ ಹತ್ತಿರ ಇದ್ದ ಹಳೆಯ ಹಿತ್ತಾಳೆ ತಕ್ಕಡಿ ಕಲ್ಲುಗಳನ್ನು ಎರವಲು ತಂದು, ಚರ್ಮದ ಚೀಲದೊಳಗೆ ಕುಲುಕಿ ರೆಕಾರ್ಡ್ ಮಾಡಿಕೊಂಡೆವು.

ಅಚ್ಚು ಏಳನೇ ಎರಕಕ್ಕೆ ಕೊಂಬಿನ ಕತ್ತಿನ ಹತ್ತಿರ ಹರಿಯಿತು. ಎಸೆದಿಲ್ಲ. ಕೊಂಬು ಕೂರಿಸಿದ ತೋಳಬಂದಿಯನ್ನು ಉಸ್ತಾಗೆ ತೋರಿಸಿದಾಗ ಅವರು ಮುರಿದದ್ದು ಯಾವ ಕೊಂಬು ಅಂತ ಕೇಳಿದರು. ತೋರಿಸಿದೆ. ತಲೆಯಾಡಿಸಿ ಮೊಂಡಾಗಿದ್ದ ಇನ್ನೊಂದು ಕೊಂಬಿನ ಮೇಲೆ ಬೆರಳಿಟ್ಟು, "ಇದನ್ನು ಯಾವಾಗ ಸರಿ ಮಾಡ್ತೀಯ?" ಅಂದರು.